ಹೋಗಬೇಡ ಎನ್ನುವವರು ಯಾರು?

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ಎಂಬ ಛಾಯಾಗ್ರಾಹಕ ಇಂಗ್ಲೆಂಡಿನ ವಿಟ್‌ಬಿ ಎಂಬ ಕಡಲೂರಿನಲ್ಲಿ ತೆಗೆದ ಒಂದು ಚಿತ್ರವಿದೆ. ಗಡ್ಡ ಬಿಟ್ಟ ಗಟ್ಟಿಮುಟ್ಟಾದ ಆಳು. ಎದೆಯ ಮೇಲೆ ಬೆಂಡಿನ ತುಂಡುಗಳನ್ನು ಸಾಲಾಗಿ ಹೊಲಿದ ದಪ್ಪನೆಯ ಕವಚ. ಮೊದಲ ಸಲ ನೋಡಿದಾಗ ನನಗೆ ಅದು ಯಾವುದೋ ನಾಟಕದ ವೇಷದಂತೆ ಕಂಡಿತ್ತು. ಆತನ ಹೆಸರು ಹೆನ್ರಿ ಫ್ರೀಮನ್. ಆ ಬೆಂಡಿನ ಅಂಗಿ ಇಲ್ಲದಿದ್ದರೆ ಆತ ಇಪ್ಪತ್ತು ಚಿಲ್ಲರೆ ವಯಸ್ಸಿಗೇ ಸತ್ತುಹೋಗಿರುತ್ತಿದ್ದ, ಈ ಚಿತ್ರವೂ ಇರುತ್ತಿರಲಿಲ್ಲ.

1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ಪೂರ್ವ ಕರಾವಳಿಗೆ ಭಾರೀ ಬಿರುಗಾಳಿ ಬಡಿಯಿತು. ಹಡಗುಗಳು ಒಂದರ ಹಿಂದೊಂದು ದಡಕ್ಕೆ ಅಪ್ಪಳಿಸತೊಡಗಿದವು. ವಿಟ್‌ಬಿಯ ಲೈಫ್‌ಬೋಟ್ ಆ ದಿನ ಐದು ಸಲ ಕಡಲಿಗಿಳಿದು ಐದು ಸಲವೂ ಜನರನ್ನು ಉಳಿಸಿ ತಂದಿತು. ಆರನೆಯ ಸಲ ಹೋದಾಗ ಎದುರಾಬದುರಾಗಿ ಬಂದ ಅಲೆಗಳ ನಡುವೆ ಸಿಕ್ಕಿ ಮಗುಚಿತು. ಬೋಟಿನಲ್ಲಿದ್ದವರು 13 ಮಂದಿ, ಸತ್ತವರು 12. ದಡದಲ್ಲಿ ಊರಿಗೆ ಊರೇ ನಿಂತು ನೋಡುತ್ತಿತ್ತು. ಉಳಿದವನು ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಬೆಂಡಿನ ಜಾಕೆಟ್ ತೊಟ್ಟಿದ್ದವನೂ ಆತನೊಬ್ಬನೇ.

ಈ ಕತೆಯನ್ನು ಸಾಮಾನ್ಯವಾಗಿ ಜಾಕೆಟ್ಟಿನ ಕತೆಯಾಗಿ ಹೇಳುತ್ತಾರೆ. ಜಾನ್ ರಾಸ್ ವಾರ್ಡ್ ಎಂಬ ನೌಕಾಧಿಕಾರಿ 1854ರಲ್ಲಿ ಅದನ್ನು ರೂಪಿಸಿದ. ಏಳು ವರ್ಷ ಕಳೆದರೂ ಅದು ಎಲ್ಲರ ಮೈಗೆ ಹತ್ತಿರಲಿಲ್ಲ. ವಿಟ್‌ಬಿಯ ಸಾವುಗಳು ಅದರ ಪ್ರಯೋಜನವನ್ನು ತೋರಿಸಿಕೊಟ್ಟವು. ಇದೆಲ್ಲ ನಿಜ. ಆದರೆ ನನ್ನ ಮನಸ್ಸು ಹೋಗುವುದು ಆ ಆರನೆಯ ಸಲದ ಕಡೆಗೆ. ಬೆಳಗಿನಿಂದ ಹುಟ್ಟು ಹಾಕಿ ಕೈಸೋತ ಮಂದಿ ಅವರು. ಇನ್ನು ಸಾಕು, ಈ ಸಲ ಬೇಡ ಎಂದು ಅವರಿಗೆ ಹೇಳುವ ಅಧಿಕಾರ ಯಾರಿಗಿತ್ತು? ಸಂಬಳದ ಆಳಿಗೆ ಯಜಮಾನ ಹೇಳಬಹುದು, ಸಿಪಾಯಿಗೆ ಸರದಾರ ಹೇಳಬಹುದು. ತಾನಾಗಿ ಬಂದವನನ್ನು ಹೋಗು ಎಂದು ಅಟ್ಟಲಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅವನನ್ನು ನಿಲ್ಲು ಎಂದು ತಡೆಯುವುದು ಅದಕ್ಕಿಂತ ಕಷ್ಟ. ಬ್ರಿಟನ್ನಿನ ಲೈಫ್‌ಬೋಟುಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಈ ಕಷ್ಟವೇ ಅದರ ಒಳಗಿನ ಎಳೆ ಅನ್ನಿಸಿದೆ.

ಸಂಸ್ಥೆಯ ಬಗ್ಗೆ ಎರಡು ಮಾತು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ ತನ್ನ ಮನೆಯ ಮುಂದಿನ ಕೊಲ್ಲಿಯಲ್ಲಿ ಹಡಗುಗಳು ಒಡೆಯುವುದನ್ನು ಕಂಡವನು. 1823ರಲ್ಲಿ ಒಂದು ಮನವಿಪತ್ರ ಅಚ್ಚು ಹಾಕಿಸಿ ಹಂಚಿದ. 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಸಭೆ ಸೇರಿ ಸಂಸ್ಥೆ ಶುರುವಾಯಿತು. 1854ರಿಂದ ಅದರ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಚಿಕ್ಕದಾಗಿ ಆರ್‌ಎನ್‌ಎಲ್‌ಐ. ಸರ್ಕಾರದ ಇಲಾಖೆಯಲ್ಲ, ಇವತ್ತಿಗೂ ಜನರ ದೇಣಿಗೆಯಿಂದಲೇ ನಡೆಯುವ ಸಂಸ್ಥೆ. ಕಡಲಿಗೆ ಹೋಗುತ್ತಿದ್ದವರು ಆಯಾ ಊರಿನ ಮೀನುಗಾರರು, ದೋಣಿಯವರು. ಒಂದು ಸಲ ಹೊರಟರೆ ಕೈಗೆ ಒಂದಿಷ್ಟು ಪುಡಿಗಾಸು ಸಿಗುತ್ತಿತ್ತು, ಅದನ್ನು ಸಂಬಳ ಎನ್ನುವಂತಿಲ್ಲ. ಪ್ರತಿ ಊರಿನ ಠಾಣೆಗೂ ಒಂದು ಸಮಿತಿ, ಅದಕ್ಕೊಬ್ಬ ಗೌರವ ಕಾರ್ಯದರ್ಶಿ. ಈತ ಸಾಮಾನ್ಯವಾಗಿ ಊರಿನ ಓದು ಬಲ್ಲ, ಅನುಕೂಲಸ್ಥ ಮನುಷ್ಯ. ಬೋಟನ್ನು ಇಳಿಸಬಹುದೇ ಬೇಡವೇ ಎಂದು ತೀರ್ಮಾನಿಸುವುದು ಅವನ ಕೆಲಸ. ನೀರಿಗಿಳಿದ ಮೇಲೆ ಮಾತು ಕಾಕ್ಸನ್ನನದು. ನಮ್ಮ ಕರಾವಳಿಯ ಮೀನುಗಾರಿಕೆ ಬೋಟುಗಳಲ್ಲಿ ಆ ಜಾಗದಲ್ಲಿರುವವನನ್ನು ತಾಂಡೇಲ ಎನ್ನುತ್ತಾರೆ. ಅಳಿವೆಯ ಪಕ್ಕದಲ್ಲಿ ಬೆಳೆದ ನನಗೆ ಕಾಕ್ಸನ್ ಎಂದಾಗ ಏನೂ ಕಾಣುವುದಿಲ್ಲ, ತಾಂಡೇಲ ಎಂದಾಗ ಒಬ್ಬ ಮನುಷ್ಯ ಕಾಣುತ್ತಾನೆ. ಹಾಗಾಗಿ ಇಲ್ಲಿ ತಾಂಡೇಲ ಎಂದೇ ಬರೆಯುತ್ತೇನೆ.

ದಡದಲ್ಲಿ ಕಾರ್ಯದರ್ಶಿ, ನೀರಿನಲ್ಲಿ ತಾಂಡೇಲ. ಕಾಗದದ ಮೇಲೆ ಏರ್ಪಾಡು ಚೆನ್ನಾಗಿದೆ. ಆದರೆ ದೂರದಲ್ಲಿ ಒಂದು ಹಡಗು ಮುಳುಗುತ್ತಿದೆ, ಸಹಾಯ ಬೇಡುವ ಉರಿಬಾಣ ಆಕಾಶದಲ್ಲಿ ಕಂಡಿದೆ, ಊರಿನ ಹೆಂಗಸರು ಮಕ್ಕಳು ದಡಕ್ಕೆ ಬಂದು ನಿಂತಿದ್ದಾರೆ. ಆಗ ಬೇಡ ಎಂದವನು ಮರುದಿನದಿಂದ ಆ ಊರಿನಲ್ಲಿ ಹೇಗೆ ಬದುಕಬೇಕು?

1886ರ ಡಿಸೆಂಬರ್ 9ರ ರಾತ್ರಿ ನಡೆದದ್ದು ಆ ಸಂಸ್ಥೆಯ ಇತಿಹಾಸದಲ್ಲೇ ಅತಿ ದೊಡ್ಡ ದುರಂತ. ಹ್ಯಾಂಬರ್ಗಿನ ಮೆಕ್ಸಿಕೋ ಎಂಬ ಹಾಯಿಹಡಗು ಲಿವರ್‌ಪೂಲಿನಿಂದ ದಕ್ಷಿಣ ಅಮೆರಿಕದ ಗ್ವಾಯಾಕಿಲ್‌ಗೆ ಹೊರಟಿತ್ತು. ಬಿರುಗಾಳಿ ಅದನ್ನು ರಿಬ್ಬಲ್ ನದಿಯ ಅಳಿವೆಯ ಹತ್ತಿರದ ಮರಳ ದಿಬ್ಬಕ್ಕೆ ಹೊತ್ತು ಹಾಕಿತು. ಹಡಗಿನಲ್ಲಿದ್ದ 12 ಮಂದಿ ತಮ್ಮನ್ನು ತಾವೇ ಹಗ್ಗದಲ್ಲಿ ಕಟ್ಟಿಕೊಂಡು ಕಾಯುತ್ತಿದ್ದರು. ಅಳಿವೆಯ ಸುತ್ತಲಿನ ಮೂರು ಊರುಗಳಿಂದ ಮೂರು ಲೈಫ್‌ಬೋಟುಗಳು ಹೊರಟವು: ಲಿದಮ್‌ನಿಂದ ಚಾರ್ಲ್ಸ್ ಬಿಗ್ಸ್, ಸೇಂಟ್ ಆನ್ಸ್‌ನಿಂದ ಲಾರಾ ಜಾನೆಟ್, ಸೌತ್‌ಪೋರ್ಟ್‌ನಿಂದ ಎಲೈಜಾ ಫರ್ನ್ಲಿ. ಲಿದಮ್‌ನ ಬೋಟಿಗೆ ಅದು ಮೊದಲನೆಯ ನಿಜವಾದ ಕೆಲಸ.

ಸೌತ್‌ಪೋರ್ಟಿನವರು ತಮ್ಮ ಬೋಟನ್ನು ಗಾಡಿಯ ಮೇಲಿಟ್ಟು ಕುದುರೆ ಕಟ್ಟಿ ದಡದುದ್ದಕ್ಕೂ ಮೂರು ಮೈಲಿಗೂ ಹೆಚ್ಚು ದೂರ ಎಳೆಸಿಕೊಂಡು ಹೋದರು. ಗಾಳಿಯ ಮೇಲ್ಬದಿಯಿಂದ ಇಳಿದರೆ ಮಾತ್ರ ಹಡಗನ್ನು ಮುಟ್ಟಲು ಸಾಧ್ಯವಿತ್ತು. ಬಹಳ ಹೊತ್ತು ಹೆಣಗಾಡಿ ಮೆಕ್ಸಿಕೋದ ತೀರ ಹತ್ತಿರಕ್ಕೆ ಹೋದರು ಕೂಡ. ಆಗ ಒಂದು ದೊಡ್ಡ ತೆರೆ ಬೋಟನ್ನು ಮಗುಚಿತು. ಎಲೈಜಾ ಫರ್ನ್ಲಿ ಮಗುಚಿದರೂ ತಾನಾಗಿ ನೆಟ್ಟಗಾಗುವ ಮಾದರಿಯ ಬೋಟು, ಅದಕ್ಕೆಂದೇ ಕಟ್ಟಿದ್ದು. ಅವತ್ತು ನೆಟ್ಟಗಾಗಲಿಲ್ಲ. 16 ಮಂದಿಯಲ್ಲಿ 14 ಮಂದಿ ಹೋದರು. ಸೇಂಟ್ ಆನ್ಸ್‌ನ ಬೋಟಿಗೆ ಏನಾಯಿತೆಂದು ಹೇಳಲು ಯಾರೂ ಉಳಿಯಲಿಲ್ಲ. ಮರುದಿನ ಬೆಳಗ್ಗೆ ಅದು ದಡದಲ್ಲಿ ಮಕಾಡೆ ಬಿದ್ದಿತ್ತು. ಅದರಲ್ಲಿದ್ದ 13 ಮಂದಿಯೂ ಸತ್ತಿದ್ದರು. ಲಿದಮ್‌ನ ಬೋಟು ಮಾತ್ರ ಹಡಗನ್ನು ಮುಟ್ಟಿ 12 ಮಂದಿಯನ್ನೂ ಇಳಿಸಿಕೊಂಡು ಬಂತು.

ಲೆಕ್ಕ ಹಾಕಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಉಳಿದವರು 12, ಉಳಿಸಲು ಹೋಗಿ ಸತ್ತವರು 27. ಹದಿನಾರು ಮಂದಿ ಹೆಂಗಸರು ಗಂಡಂದಿರನ್ನು, ಐವತ್ತು ಮಕ್ಕಳು ಅಪ್ಪಂದಿರನ್ನು ಕಳೆದುಕೊಂಡರು. ಮೂರು ಬೋಟು ಹೋಗುವ ಅಗತ್ಯವಿತ್ತೇ ಎಂದು ಇವತ್ತು ಕುಳಿತು ಕೇಳುವುದು ಸುಲಭ. ರೇಡಿಯೋ ಇಲ್ಲದ ಕಾಲ ಅದು. ಕತ್ತಲಲ್ಲಿ ಇನ್ನೊಂದು ಊರಿನ ಬೋಟು ಎಲ್ಲಿದೆ, ಬದುಕಿದೆಯೇ ಎಂದು ತಿಳಿಯುವ ದಾರಿಯಿರಲಿಲ್ಲ. ಪ್ರತಿ ಊರೂ ತನ್ನ ಬೋಟೊಂದೇ ಹಡಗಿಗೆ ಗತಿ ಎಂಬಂತೆ ಹೊರಟಿತು. ಮೂವರು ತಾಂಡೇಲರಿದ್ದರು. ಮೂವರ ಮೇಲೆ ಒಬ್ಬ ಇರಲಿಲ್ಲ.

ಈ ಸಾವುಗಳ ನಂತರ ಎರಡು ಕೆಲಸಗಳು ನಡೆದವು. ಒಂದು ಹಣದ್ದು. ಸೇಂಟ್ ಆನ್ಸ್‌ನಲ್ಲಿ ಮನೆ ಮಾಡಿದ್ದ ಹತ್ತಿಬಟ್ಟೆಯ ಉದ್ಯಮಿ ಚಾರ್ಲ್ಸ್ ಮಕಾರಾ 1891ರಲ್ಲಿ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಲೈಫ್‌ಬೋಟುಗಳ ಮೆರವಣಿಗೆ ಮಾಡಿಸಿ ಚಂದಾ ಎತ್ತಿಸಿದ. ಅಲ್ಲಿಯವರೆಗೆ ಶ್ರೀಮಂತರ ದಾನದಿಂದ ನಡೆಯುತ್ತಿದ್ದ ಸಂಸ್ಥೆಗೆ ಬೀದಿಯ ಜನರ ಚಿಲ್ಲರೆ ಕಾಸು ಸೇರಿತು. ಇನ್ನೊಂದು ಬೋಟಿನದ್ದು. 1887ರಲ್ಲಿ ಜಿ.ಎಲ್. ವಾಟ್ಸನ್ ಎಂಬ ವಿಹಾರನೌಕೆಗಳ ವಿನ್ಯಾಸಕಾರನನ್ನು ಸಂಸ್ಥೆ ಸಲಹೆಗಾರನಾಗಿ ಕರೆತಂದಿತು. ಆತ ರೂಪಿಸಿದ್ದು ಅಗಲವಾದ, ಭಾರವಾದ, ಸುಲಭಕ್ಕೆ ಮಗುಚದ ಬೋಟು. ಆದರೆ ಮಗುಚಿದರೆ ಅದು ನೆಟ್ಟಗಾಗುವುದಿಲ್ಲ.

ಇಲ್ಲಿಂದ ಶುರುವಾದ ವಾದ ಮುಂದೆ ಎಂಬತ್ತು ವರ್ಷ ನಡೆಯಿತು. ತಾನಾಗಿ ನೆಟ್ಟಗಾಗುವ ಬೋಟು ಹಗುರ, ಕಿರಿದು, ಅದಕ್ಕೇ ಬೇಗ ಮಗುಚುತ್ತದೆ. ಅಗಲದ ಬೋಟು ಮಗುಚುವುದು ಅಪರೂಪ, ಮಗುಚಿದರೆ ಕತೆ ಮುಗಿಯಿತು. ಯಾವುದು ಬೇಕು? ಸಂಸ್ಥೆ ಇದನ್ನು ಬಹುಮಟ್ಟಿಗೆ ಬೋಟಿನವರಿಗೇ ಬಿಟ್ಟಿತ್ತು. ಯಾವ ಬೋಟಿನ ಮೇಲೆ ನಂಬಿಕೆಯೋ ಅದನ್ನೇ ಕೊಡುವುದು ಅದರ ಪದ್ಧತಿ. ತಾನಾಗಿ ಬರುವವನಿಗೆ ಅವನು ನಂಬದ ದೋಣಿಯನ್ನು ಕೊಟ್ಟು ಹೋಗು ಎನ್ನಲಾಗುವುದೇ? ಇದರಲ್ಲಿ ದೊಡ್ಡ ಮರ್ಯಾದೆಯಿದೆ. ಜೊತೆಗೆ ಒಂದು ಜಾರಿಕೆಯೂ ಇದೆ ಎಂದು ನನ್ನ ಅನುಮಾನ. ಆರಿಸಿಕೊಂಡವರು ಅವರೇ ಆದ ಮೇಲೆ ಬೋಟು ಮಗುಚಿದಾಗ ಮೇಲಿನವರನ್ನು ಕೇಳುವವರು ಯಾರು?

ಇಂಗ್ಲೆಂಡಿನ ನಾರ್ಫಕ್ ಕರಾವಳಿಯ ಕೇಸ್ಟರ್ ಊರಿನವರು ಹೀಗೆ ತಮ್ಮ ಸೀಮೆಯ ಮಾದರಿಯನ್ನೇ ನೆಚ್ಚಿಕೊಂಡವರು. 1901ರ ನವೆಂಬರ್ 14ರ ನಸುಕಿನಲ್ಲಿ ಅವರ ಬೋಶಂ ಎಂಬ ಬೋಟು ದಡದಿಂದ ಕೂಗಳತೆಯಲ್ಲೇ ಮಗುಚಿ 12 ಮಂದಿಯಲ್ಲಿ 9 ಮಂದಿ ಸತ್ತರು. ಮೂವರನ್ನು ಎಳೆದು ತಂದವರಲ್ಲಿ ಮುಖ್ಯನಾದವನು ಜೇಮ್ಸ್ ಹೇಲೆಟ್. ವಯಸ್ಸು 78. ಸತ್ತವರಲ್ಲಿ ಅವನ ಇಬ್ಬರು ಗಂಡುಮಕ್ಕಳಿದ್ದರು. ವಿಚಾರಣೆಯಲ್ಲಿ ಮುದುಕನನ್ನು ಕೇಳಿದರು: ಬೋಟಿನವರು ಸಾಧ್ಯವಿಲ್ಲವೆಂದು ವಾಪಸು ಬರುತ್ತಿದ್ದಿರಬಹುದೇ? ಆತ ಒಪ್ಪಲಿಲ್ಲ. ಅವರು ಹಡಗನ್ನು ಕೈಬಿಡುವವರಲ್ಲ, ಅಪಾಯದ ಸೂಚನೆ ಕಾಣುತ್ತಿರುವಾಗ ಹಿಂದಕ್ಕೆ ಬರುವುದು ನಿಯಮಕ್ಕೆ ವಿರುದ್ಧ ಎಂಬ ಅರ್ಥದ ಮಾತು ಹೇಳಿದ. ಪತ್ರಿಕೆಗಳ ಕೈಯಲ್ಲಿ ಅದು ಕೇಸ್ಟರಿನವರು ಎಂದೂ ಹಿಂದಿರುಗುವುದಿಲ್ಲ ಎಂಬ ಘೋಷಣೆಯಾಯಿತು. ಊರಿಗೆ ಅದೇ ಬಿರುದಾಯಿತು.

ಎರಡು ಮಾತುಗಳ ನಡುವಿನ ಅಂತರವನ್ನು ಗಮನಿಸಿ. ಮುದುಕ ಹೇಳಿದ್ದು ಒಂದು ನಿಯಮದ ಬಗ್ಗೆ. ನಿಯಮವನ್ನು ತಿದ್ದಬಹುದು. ಪತ್ರಿಕೆಯವರು ಅದನ್ನು ರಕ್ತಗುಣವನ್ನಾಗಿ ಮಾಡಿದರು. ಹಿಂದಿರುಗದಿರುವುದೇ ಊರಿನ ಗುಣವಾದರೆ, ನಾಳೆ ಹಿಂದಿರುಗಬೇಕಾದ ತಾಂಡೇಲ ಏನು ಮಾಡಬೇಕು? ಮಕ್ಕಳನ್ನು ಕಳೆದುಕೊಂಡ ಹೇಲೆಟ್‌ನ ಮಾತನ್ನು ನಾನು ತೂಗಿ ನೋಡಲಾರೆ. ಮಗ ಹೆದರಿ ಬರುತ್ತಿದ್ದ ಎಂದು ಯಾವ ಅಪ್ಪ ತಾನೇ ವಿಚಾರಣೆಯಲ್ಲಿ ಹೇಳಿಯಾನು? ಆದರೆ ದಡದಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಕುಳಿತು ಆ ಮಾತಿಗೆ ಚಿನ್ನದ ನೀರು ಹಾಕಿದವರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಸತ್ತವರನ್ನು ವೀರರೆಂದು ಕರೆದ ಮೇಲೆ ಬೋಟು ಹೇಗಿತ್ತು, ಇಳಿಸಿದ ಹೊತ್ತು ಸರಿಯೇ ಎಂದು ಕೇಳುವುದು ಶವದ ಮುಂದೆ ಸಾಲದ ಲೆಕ್ಕ ಕೇಳಿದಂತಾಗಿಬಿಡುತ್ತದೆ.

1928ರ ನವೆಂಬರ್ 15ರಂದು ರೈ ಹಾರ್ಬರ್ ಎಂಬ ಸಣ್ಣ ಊರಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲಾಟ್ವಿಯಾದ ಅಲೈಸ್ ಎಂಬ ಹಡಗು ಜರ್ಮನಿಯ ಸ್ಮಿರ್ನಾ ಎಂಬ ಹಡಗಿಗೆ ಡಿಕ್ಕಿ ಹೊಡೆದು ಅಪಾಯದಲ್ಲಿದೆ ಎಂಬ ಸುದ್ದಿ ನಸುಕಿನಲ್ಲಿ ಬಂತು. ರೈ ಹಾರ್ಬರಿನ ಮೇರಿ ಸ್ಟ್ಯಾನ್‌ಫರ್ಡ್ ಎಂಬ ಬೋಟಿಗೆ ಇಂಜಿನ್ ಇರಲಿಲ್ಲ, ಹುಟ್ಟು ಮತ್ತು ಹಾಯಿ ಅಷ್ಟೇ. ಮಗುಚಿದರೆ ನೆಟ್ಟಗಾಗುವಂಥದ್ದೂ ಅಲ್ಲ. ಬೋಟುಮನೆ ಊರಿನಿಂದ ಒಂದು ಮೈಲಿಗೂ ಹೆಚ್ಚು ದೂರ. ಬಿರುಗಾಳಿಯಲ್ಲಿ ಅಷ್ಟು ದೂರ ಓಡಿಹೋಗಿ, ಊರಿನ ಹೆಂಗಸರೂ ಗಂಡಸರೂ ಸೊಂಟಮಟ್ಟದ ನೀರಿಗಿಳಿದು ಬೋಟನ್ನು ದಬ್ಬಿದರು. ಅಲೆಗಳು ಹಿಂದಕ್ಕೆ ತಂದು ಹಾಕಿದವು, ಮತ್ತೆ ದಬ್ಬಿದರು. ಬೆಳಗ್ಗೆ 6.45ಕ್ಕೆ 17 ಮಂದಿಯನ್ನು ಹೊತ್ತ ಬೋಟು ಹೊರಟಿತು.

6.50ಕ್ಕೆ ಎರಡನೆಯ ಸುದ್ದಿ ಬಂತು. ಅಲೈಸ್‌ನಲ್ಲಿದ್ದವರನ್ನು ಸ್ಮಿರ್ನಾದವರೇ ತಮ್ಮ ಹಡಗಿಗೆ ಹತ್ತಿಸಿಕೊಂಡಿದ್ದಾರೆ, ಲೈಫ್‌ಬೋಟ್ ಬೇಡ.

ಐದು ನಿಮಿಷ. ದಡದಲ್ಲಿದ್ದವರು ವಾಪಸು ಕರೆಯುವ ಬೆಳಕಿನ ಬಾಣಗಳನ್ನು ಹಾರಿಸಿದರು. ಮೂರು ಸಲ ಹಾರಿಸಿದರು. ಮುಖಕ್ಕೆ ಹೊಡೆಯುತ್ತಿದ್ದ ಮಳೆ, ತೆರೆಗಳ ಎರಚು. ಬೋಟಿನವರು ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಅದು ಕಾಣಲೇ ಇಲ್ಲ. ಮಾಡಬೇಕಾದ ಕೆಲಸವೇ ಇಲ್ಲದ ಜಾಗಕ್ಕೆ ಅವರು ಗಂಟೆಗಟ್ಟಲೆ ಹುಟ್ಟು ಹಾಕುತ್ತಾ ಹೋದರು. ಬೆಳಗಿನ ಹೊತ್ತು ಹಿಂದಿರುಗುತ್ತಾ ಬಂದರಿನ ಬಾಯಿಗೆ ಬಂದಾಗ ಬೋಟು ಮಗುಚಿತು. ಹದಿನೇಳು ಮಂದಿಯೂ ಸತ್ತರು. ಅವರಲ್ಲಿ ತಾಂಡೇಲ ಮತ್ತು ಅವನ ಇಬ್ಬರು ಗಂಡುಮಕ್ಕಳು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು. ಮೀನು ಹಿಡಿಯುವ ವಯಸ್ಸಿನ ಗಂಡಸರೇ ಹೆಚ್ಚುಕಡಿಮೆ ಆ ಊರಿನಲ್ಲಿ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಅವರು ತೊಟ್ಟಿದ್ದ ಜಾಕೆಟ್ಟುಗಳ ಒಳಗಿನ ಬೂರುಗದ ಹತ್ತಿಯಂಥ ಕಪೋಕ್ ನೀರು ಕುಡಿದು ಭಾರವಾಗಿತ್ತೇ ಎಂಬ ಪ್ರಶ್ನೆ ಎದ್ದಿತು. ಊರಿನವರಿಗೆ ಆ ಅನುಮಾನ ಬಲವಾಗಿಯೇ ಇತ್ತು. ಬೋಟಿನಲ್ಲಿ ದೋಷವಿರಲಿಲ್ಲ ಎಂದು ವಿಚಾರಣೆ ಹೇಳಿತು. ಬದುಕಿ ಉಳಿದವರಿಲ್ಲದ್ದರಿಂದ ಮಗುಚಿದ ಕಾರಣ ಊಹೆಯ ಮಾತಾಗಿಯೇ ಉಳಿಯಿತು. ಆದರೆ ನನಗೆ ಕಾಡುವುದು ಜಾಕೆಟ್ಟೂ ಅಲ್ಲ, ಬೋಟೂ ಅಲ್ಲ. ಇಲ್ಲಿ ಬೇಡ, ವಾಪಸು ಬನ್ನಿ ಎಂದು ಹೇಳುವ ಜನರೂ ಇದ್ದರು, ಹೇಳುವ ಮನಸ್ಸೂ ಇತ್ತು, ಹೇಳಿಯೂ ಹೇಳಿದರು. ಆ ಮಾತು ಕಡಲಿನಲ್ಲಿದ್ದವರ ಕಿವಿಗೆ ತಲುಪುವ ದಾರಿಯೇ ಇರಲಿಲ್ಲ. ಹಡಗುಗಳು ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತಿದ್ದ ಕಾಲವದು. ಅವುಗಳನ್ನು ಉಳಿಸಲು ಹೋಗುವ ಬೋಟಿಗೆ ಮಾತ್ರ ಬೆಳಕಿನ ಬಾಣವೇ ಗತಿ. ರೈ ಹಾರ್ಬರಿನಲ್ಲಿ ಠಾಣೆ ಮುಚ್ಚಿತು. ಮತ್ತೆ ಅಲ್ಲಿ ಲೈಫ್‌ಬೋಟ್ ಬಂದದ್ದು 1966ರಲ್ಲಿ, ಅದೂ ದಡದ ಹತ್ತಿರ ಓಡಾಡುವ ಚಿಕ್ಕ ಬೋಟು.

ಒಂದೇ ಮನೆಯ ಅಪ್ಪ ಮಕ್ಕಳು ಒಂದೇ ಬೋಟಿನಲ್ಲಿ ಹೋಗುವುದು ಈ ಊರುಗಳಲ್ಲಿ ಸಹಜ. ಮೀನಿಗೂ ಹಾಗೆಯೇ ಹೋಗುವವರು. ನಮ್ಮ ಕಡೆಯೂ ಬೇರೆಯಲ್ಲ. 1969ರ ಮಾರ್ಚ್ 17ರಂದು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಲಾಂಗ್‌ಹೋಪ್ ಠಾಣೆಯ ಟಿಜಿಬಿ ಎಂಬ ಬೋಟು ಐರೀನ್ ಎಂಬ ಸರಕು ಹಡಗಿನ ಸಹಾಯಕ್ಕೆ ಹೊರಟಿತು. ಎಂಟು ಮಂದಿಯಲ್ಲಿ ತಾಂಡೇಲ ಡ್ಯಾನ್ ಕರ್ಕ್‌ಪ್ಯಾಟ್ರಿಕ್ ಮತ್ತು ಅವನ ಇಬ್ಬರು ಮಕ್ಕಳು, ರಾಬರ್ಟ್ ಜಾನ್‌ಸ್ಟನ್ ಮತ್ತು ಅವನ ಇಬ್ಬರು ಮಕ್ಕಳು. ಎರಡು ಮನೆಗಳಿಂದಲೇ ಆರು ಜನ. ಮರುದಿನ ಬೋಟು ಮಗುಚಿಕೊಂಡು ತೇಲುತ್ತಿದ್ದದ್ದು ಸಿಕ್ಕಿತು. ಯಾರೂ ಬದುಕಿರಲಿಲ್ಲ. ಐರೀನ್ ದಡಕ್ಕೆ ಬಂದು ಸಿಕ್ಕಿಕೊಂಡಿತ್ತು. ಅದರಲ್ಲಿದ್ದ 17 ಮಂದಿಯನ್ನೂ ದಡದಲ್ಲಿ ನಿಂತ ಬೇರೊಂದು ತಂಡದವರು ಹಗ್ಗ ಕಟ್ಟಿ, ತೊಟ್ಟಿಲಿನಂತೆ ಒಬ್ಬೊಬ್ಬರನ್ನೇ ಎಳೆದು ಇಳಿಸಿಕೊಂಡರು. ಮುಂದಿನ ವರ್ಷ ಜನವರಿಯಲ್ಲಿ ಫ್ರೇಜರ್‌ಬರ್ಗ್‌ನ ಬೋಟು ಮಗುಚಿ ಆರರಲ್ಲಿ ಐವರು ಸತ್ತರು. ಇವೆರಡೂ ವಾಟ್ಸನ್ ವಂಶದ, ತಾನಾಗಿ ನೆಟ್ಟಗಾಗದ ಬೋಟುಗಳು.

ಆಗ ಸಂಸ್ಥೆ ಎಂಬತ್ತು ವರ್ಷದ ವಾದವನ್ನು ನಿಲ್ಲಿಸಿತು. ಇನ್ನು ಮುಂದೆ ಎಲ್ಲ ಬೋಟುಗಳೂ ತಾನಾಗಿ ನೆಟ್ಟಗಾಗಬೇಕು. ಹಳೆಯ ಬೋಟುಗಳ ಮೇಲೆ ಮಗುಚಿದ ಕೂಡಲೇ ಉಬ್ಬುವ ಗಾಳಿಚೀಲ ಕೂರಿಸುವುದು, ಹೊಸದನ್ನು ಕಟ್ಟುವಾಗ ಒಳಗೇ ಆ ಗುಣ ಬರುವಂತೆ ಮಾಡುವುದು. ಬೋಟಿನವರ ಇಷ್ಟಕ್ಕೆ ಬಿಟ್ಟಿದ್ದ ಒಂದು ವಿಷಯವನ್ನು ಮೇಲಿನವರು ಕೈಗೆ ತೆಗೆದುಕೊಂಡರು. ನಾನು ಇದನ್ನು ಆ ಸಂಸ್ಥೆಯ ಚರಿತ್ರೆಯ ದೊಡ್ಡ ತಿರುವು ಎನ್ನುತ್ತೇನೆ. ಅದಕ್ಕೆ ಹತ್ತು ತಿಂಗಳಲ್ಲಿ ಹದಿಮೂರು ಹೆಣ ಬೇಕಾಯಿತು. ಟಿಜಿಬಿಯನ್ನೇ ಎತ್ತಿ ನೆಟ್ಟಗೆ ಮಾಡಿ ದುರಸ್ತಿಪಡಿಸಿ ಐರ್ಲೆಂಡಿನ ಆರನ್‌ಮೋರ್ ಠಾಣೆಗೆ ಕಳಿಸಿದರು. ಅಲ್ಲಿಯವರು ಅದನ್ನು ಹತ್ತಿ ಕಡಲಿಗೆ ಹೋದರು. ಅದರ ಕತೆ ಗೊತ್ತಿದ್ದೇ ಹೋದರು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಎಲ್ಲಿಯೂ ಬೇಡ ಎಂಬ ಮಾತು ಹೊತ್ತಿಗೆ ಸರಿಯಾಗಿ ಕೇಳಿಸಲಿಲ್ಲ. ಒಂದು ಕಡೆ ಕೇಳಿಸಿತು.

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಮೌಝಲ್ ಎಂಬ ಹಳ್ಳಿಯಿದೆ. ಹತ್ತಿರದ ಪೆನ್‌ಲೀ ಠಾಣೆಯ ಬೋಟಿಗೆ ಆಳುಗಳು ಬರುತ್ತಿದ್ದದ್ದು ಈ ಹಳ್ಳಿಯಿಂದಲೇ. 1981ರ ಡಿಸೆಂಬರ್ 19ರಂದು ಯೂನಿಯನ್ ಸ್ಟಾರ್ ಎಂಬ ಹೊಚ್ಚಹೊಸ ಸರಕು ಹಡಗು ತನ್ನ ಮೊದಲ ಪ್ರಯಾಣದಲ್ಲಿ ನೆದರ್ಲೆಂಡ್ಸ್‌ನಿಂದ ಐರ್ಲೆಂಡಿಗೆ ಗೊಬ್ಬರ ಒಯ್ಯುತ್ತಿತ್ತು. ಇಂಧನಕ್ಕೆ ಕಡಲನೀರು ಸೇರಿ ಇಂಜಿನ್ ನಿಂತಿತು. ಹಡಗಿನಲ್ಲಿ ಕಪ್ತಾನ, ನಾಲ್ವರು ಆಳುಗಳು, ಜೊತೆಗೆ ಕ್ರಿಸ್‌ಮಸ್‌ಗೆ ಒಟ್ಟಿಗಿರಲೆಂದು ಹತ್ತಿದ ಕಪ್ತಾನನ ಹೆಂಡತಿ ಮತ್ತು ಇಬ್ಬರು ಹುಡುಗಿಯರು. ಎಳೆಯುವ ಹಡಗೊಂದು ಸಹಾಯಕ್ಕೆ ಮುಂದಾದಾಗ ಕಪ್ತಾನ ಮೊದಲು ಒಪ್ಪಲಿಲ್ಲ. ಅಂಥ ಒಪ್ಪಂದಕ್ಕೆ ಕೈಹಾಕಿದರೆ ಹಡಗಿನ ಮಾಲೀಕರಿಗೆ ದೊಡ್ಡ ಖರ್ಚು ಬೀಳುತ್ತದೆ. ಗಾಳಿ ಏರುತ್ತಾ ಹೋಯಿತು. ಕತ್ತಲಾಗುವ ಹೊತ್ತಿಗೆ ಅದು ಚಂಡಮಾರುತದ ಬಲಕ್ಕೆ ಮುಟ್ಟಿ ಹದಿನೆಂಟು ಮೀಟರಿನಷ್ಟು ಎತ್ತರದ ತೆರೆಗಳು ಏಳುತ್ತಿದ್ದವು. ನೌಕಾಪಡೆಯ ಹೆಲಿಕಾಪ್ಟರ್ ಬಂತು. ಹಡಗಿನ ಕಂಬ ಬೀಸಾಡುತ್ತಿದ್ದರಿಂದ ಹಗ್ಗ ಇಳಿಸಲು ಆಗಲಿಲ್ಲ.

ಪೆನ್‌ಲೀ ಠಾಣೆಯ ತಾಂಡೇಲ ಟ್ರೆವೆಲಿಯನ್ ರಿಚರ್ಡ್ಸ್, ವಯಸ್ಸು 56. ಕರೆ ಹೋದಾಗ ಬೋಟುಮನೆಗೆ ಬೇಕಾದದ್ದಕ್ಕಿಂತ ಹೆಚ್ಚು ಜನ ಓಡಿಬಂದರು. ಬಂದವರಲ್ಲಿ ನೈಜೆಲ್ ಬ್ರಾಕ್‌ಮನ್ ಇದ್ದ, ಅವನ ಹದಿನೇಳು ವರ್ಷದ ಮಗ ನೀಲ್ ಕೂಡ ಇದ್ದ. ರಿಚರ್ಡ್ಸ್ ಅಪ್ಪನನ್ನು ಹತ್ತಿಸಿಕೊಂಡ, ಮಗನನ್ನು ಬೇಡ ಎಂದ. ಇಂಥ ರಾತ್ರಿ ಒಂದು ಮನೆಯಿಂದ ಇಬ್ಬರನ್ನು ಒಯ್ಯುವುದಿಲ್ಲ ಎಂಬುದು ಅವನ ಮಾತು. ಹನ್ನೆರಡು ವರ್ಷದ ಹಿಂದೆ ಲಾಂಗ್‌ಹೋಪ್‌ನಲ್ಲಿ ನಡೆದದ್ದು ಲೈಫ್‌ಬೋಟಿನ ಯಾವ ಮನುಷ್ಯನಿಗೂ ಮರೆಯುವಂಥದ್ದಲ್ಲ. ಆ ಕ್ಷಣದಲ್ಲಿ ರಿಚರ್ಡ್ಸ್‌ನ ತಲೆಯಲ್ಲಿ ಅದು ಇತ್ತು ಎಂದೇ ನಾನು ತಿಳಿದಿದ್ದೇನೆ.

ರಾತ್ರಿ 8.12ಕ್ಕೆ ಎಂಟು ಮಂದಿಯನ್ನು ಹೊತ್ತ ಸಾಲೊಮನ್ ಬ್ರೌನ್ ನೀರಿಗಿಳಿಯಿತು. 1960ರಲ್ಲಿ ಕಟ್ಟಿದ 47 ಅಡಿಯ ಮರದ ಬೋಟು. ಕಲ್ಲಿನ ದಡಕ್ಕೆ ಜಾರುತ್ತಿದ್ದ ಹಡಗಿನ ಪಕ್ಕಕ್ಕೆ ಅದು ಮತ್ತೆ ಮತ್ತೆ ಹೋಯಿತು. ಒಂದು ಸಲ ತೆರೆ ಅದನ್ನು ಎತ್ತಿ ಹಡಗಿನ ಮೇಲೆಯೇ ಕೆಡವಿತು. ಜಾರಿ ಇಳಿದು ಮತ್ತೆ ಬಂತು. ನಾಲ್ವರನ್ನು ಇಳಿಸಿಕೊಂಡಿದ್ದೇವೆ ಎಂದು ರೇಡಿಯೋದಲ್ಲಿ ಹೇಳಿದರು. ಆಮೇಲೆ ಮಾತಿಲ್ಲ. ಎರಡೂ ಕಡೆಯ ಒಟ್ಟು 16 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನಾಲ್ವರು ಸಿಕ್ಕ ಮೇಲೆ ವಾಪಸು ಬರಬಹುದಿತ್ತಲ್ಲ ಎಂದು ಓದುವವರಿಗೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಒಂದು ಮಾತಿದೆ. ರಿಚರ್ಡ್ಸ್ ಎಲ್ಲಿ ಹಿಂದಿರುಗಬೇಕು ಎಂದು ತಿಳಿಯದವನಲ್ಲ. ಬೋಟುಮನೆಯ ಬಾಗಿಲಲ್ಲೇ ಆತ ಆ ರಾತ್ರಿಯ ಲೆಕ್ಕ ಹಾಕಿಯಾಗಿತ್ತು. ಬೋಟು ವಾಪಸು ಬರದೇ ಹೋಗಬಹುದು ಎಂದು ಗೊತ್ತಿಲ್ಲದವನು ಒಬ್ಬ ಹುಡುಗನನ್ನು ಯಾಕೆ ದಡದಲ್ಲಿ ಬಿಟ್ಟಾನು? ಅಂಥ ಲೆಕ್ಕ ಹಾಕಿದ ಮೇಲೂ ಆತ ಹೋದ ಎಂಬುದನ್ನು ನಾನು ಧೈರ್ಯ ಎಂಬ ಒಂದೇ ಪದದಲ್ಲಿ ಮುಗಿಸಲಾರೆ. ಹುಡುಗನಿಗೆ ಹೇಳಿದ ಮಾತು ನನಗೆ ಆ ರಾತ್ರಿಯ ಉಳಿದ ಎಲ್ಲ ಸಾಹಸಕ್ಕಿಂತ ದೊಡ್ಡ ನಾಯಕತ್ವವಾಗಿ ಕಾಣುತ್ತದೆ. ಅಪ್ಪನ ಜೊತೆ ಹೋಗಲು ಸಿದ್ಧನಾಗಿ, ಉಸಿರು ಕಟ್ಟಿ ಓಡಿಬಂದ ಹದಿನೇಳರ ಹುಡುಗನಿಗೆ ಎಲ್ಲರೆದುರು ನೀನು ಬೇಡ ಎನ್ನುವುದು ಸುಲಭದ ಕೆಲಸವಲ್ಲ. ಬಂದವನು ಸ್ವಯಂಸೇವಕ, ಹೇಳುವವನೂ ಸ್ವಯಂಸೇವಕ. ಮೇಲಿನವನ ಪಟ್ಟಿಯಿಲ್ಲ, ಹೆಗಲ ಮೇಲೆ ನಕ್ಷತ್ರವಿಲ್ಲ. ಆ ಮಾತಿಗಿದ್ದ ತೂಕವೆಲ್ಲ ವರ್ಷಗಟ್ಟಲೆ ಜೊತೆಗೆ ಕಡಲಿಗೆ ಹೋಗಿ ಬಂದದ್ದರಿಂದ ಬಂದದ್ದು.

ಸತ್ತವರ ಮನೆಗಳಿಗೆಂದು ಜನ ಕೊಟ್ಟ ಹಣ 30 ಲಕ್ಷ ಪೌಂಡ್ ದಾಟಿತು. ಸರ್ಕಾರ ಅದಕ್ಕೂ ತೆರಿಗೆ ಹಾಕಲು ಹೋಗಿ ಛೀಮಾರಿ ಹಾಕಿಸಿಕೊಂಡಿತು. ಅದು ಬೇರೆ ಕತೆ. ರಿಚರ್ಡ್ಸ್‌ಗೆ ಮರಣೋತ್ತರವಾಗಿ ಸಂಸ್ಥೆಯ ಚಿನ್ನದ ಪದಕ ಬಂತು.

ಈಗ ಆ ಸಂಸ್ಥೆಯ ಬೋಟಿಗೆ ಬರುವವರಲ್ಲಿ ಕಡಲಿನ ಕಸುಬಿನವರು ಕಡಿಮೆ. ಅಂಗಡಿಯವರು, ಮೇಷ್ಟ್ರುಗಳು, ಕಚೇರಿಯ ಕೆಲಸದವರು ಬರುತ್ತಾರೆ. ಅಪ್ಪನಿಂದ ಮಗನಿಗೆ ಬರುತ್ತಿದ್ದ ಕಡಲಿನ ಅರಿವನ್ನು ಪಾಠ ಮಾಡಿ ಕಲಿಸಬೇಕಾಗಿದೆ. 2004ರಲ್ಲಿ ಪೂಲ್ ಎಂಬ ಬಂದರಿನಲ್ಲಿ ಅದಕ್ಕೆಂದೇ ಒಂದು ಕಾಲೇಜು ತೆರೆದರು. ಅಲ್ಲಿನ ಕೊಳದಲ್ಲಿ ಕೃತಕ ಅಲೆ ಎಬ್ಬಿಸಿ, ದೀಪ ಆರಿಸಿ, ಮಗುಚಿದ ಬೋಟಿನಿಂದ ಹೊರಬರುವುದನ್ನು ಅಭ್ಯಾಸ ಮಾಡಿಸುತ್ತಾರೆ. ಕರಾವಳಿ ಕಾವಲಿನವರು ಬೋಟು ಕಳಿಸಿ ಎಂದು ಕೇಳಬಹುದೇ ಹೊರತು ಆಜ್ಞೆ ಮಾಡುವಂತಿಲ್ಲ. ಕಳಿಸುವುದು ಠಾಣೆಯವರ ತೀರ್ಮಾನ, ನೀರಿನಲ್ಲಿ ತಾಂಡೇಲನ ತೀರ್ಮಾನ. ಹಳೆಯ ಗೌರವ ಕಾರ್ಯದರ್ಶಿಯ ಹೆಸರು ಬದಲಾಗಿದೆ, ಕೆಲಸ ಅದೇ ಇದೆ.

ದುರಂತದ ಮರುದಿನವೇ ಮೌಝಲ್‌ನಲ್ಲಿ ಹೊಸ ತಂಡಕ್ಕೆ ಬೇಕಾದಷ್ಟು ಜನ ಹೆಸರು ಕೊಟ್ಟರು. 1983ರಲ್ಲಿ ಬೋಟನ್ನು ನ್ಯೂಲಿನ್ ಬಂದರಿಗೆ ಸ್ಥಳಾಂತರಿಸಿ, ಪೆನ್‌ಲೀಯ ಹಳೆಯ ಬೋಟುಮನೆಯನ್ನು ಇದ್ದ ಹಾಗೆಯೇ ಉಳಿಸಿಕೊಂಡರು. ನೀಲ್ ಬ್ರಾಕ್‌ಮನ್ ಕೂಡ ತಂಡ ಸೇರಿದರು. ಮುಂದೆ ಅವರೇ ಪೆನ್‌ಲೀ ಬೋಟಿನ ತಾಂಡೇಲರಾಗಿ, ಕರೆ ಬಂದ ರಾತ್ರಿಗಳಲ್ಲಿ ಓಡಿಬಂದವರ ನಡುವೆ ಯಾರು ಹತ್ತಬೇಕು, ಯಾರು ಉಳಿಯಬೇಕು ಎಂದು ಹೇಳುತ್ತಿದ್ದರು.